ಹೇಳಿದ್ದನ್ನು ನೆನಪಿಟ್ಟು ವಿಚಾರಿಸುವ ಚಾಟ್‌ಬಾಟ್ ಮಾಡುವುದು ಹೇಗೆ?

ಸೋಮವಾರ ನೀವು ‘ಅಮ್ಮನಿಗೆ ಮಂಡಿನೋವು ಜಾಸ್ತಿ ಆಗಿದೆ’ ಅಂತ ಟೈಪ್ ಮಾಡುತ್ತೀರಿ. ಬುಧವಾರ ಮತ್ತೆ ತೆರೆದರೆ ಚಾಟ್‌ಬಾಟ್ ‘ನಮಸ್ಕಾರ, ನಿಮಗೇನು ಬೇಕು?’ ಅನ್ನುತ್ತದೆ. ಮಾತಾಡುವ ಮನಸ್ಸು ಅಲ್ಲಿಗೇ ಹೋಗುತ್ತದೆ. ಅದರ ಬದಲು ‘ಅಮ್ಮನ ಮಂಡಿನೋವು ಈಗ ಹೇಗಿದೆ?’ ಅಂತ ಕೇಳಿದರೆ ಎಷ್ಟು ಚೆನ್ನ, ಅಲ್ವಾ? ಇದಕ್ಕೆ ದುಬಾರಿ ಕಂಪ್ಯೂಟರ್ ಬೇಡ. ಮನೆಯ ಹಳೇ ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ಸ್ವಲ್ಪ ತಾಳ್ಮೆ ಸಾಕು. ಪೈಥಾನ್‌ನಲ್ಲಿ ಲೂಪ್, ಡಿಕ್ಷನರಿ, ಫೈಲ್ ಓದುವುದು ಗೊತ್ತಿದ್ದರೆ ಶುರು ಮಾಡಬಹುದು.

ನಮ್ಮ ಬಾಟ್‌ಗೆ ಚೆಲುವ ಅಂತ ಹೆಸರಿಡೋಣ. ಎಲ್ಲ ವಿಷಯ ಮಾತಾಡಲಿ ಅಂತ ಆಸೆಪಟ್ಟರೆ ಯಾವುದೂ ಸರಿಯಾಗಿ ಬರುವುದಿಲ್ಲ. ಮಂಡ್ಯ ಕಡೆಯ ಒಂದು ಮನೆಯಲ್ಲಿ ದಿನಾ ಆಡುವ ನಾಲ್ಕೈದು ವಿಷಯ ಸಾಕು: ಕಬ್ಬು, ನಾಲೆ ನೀರು, ಮಕ್ಕಳ ಪರೀಕ್ಷೆ, ಮನೆಯವರ ಆರೋಗ್ಯ, ಮೈಸೂರಿಗೆ ಹೋಗಿಬರುವುದು.

ಮಾತು ಬೇರೆ, ಪ್ರೋಗ್ರಾಂ ಬೇರೆ

ಚೆಲುವನ ಮಾತುಗಳನ್ನು ಪ್ರೋಗ್ರಾಂ ಒಳಗೆ ಬರೆಯಬೇಡಿ. ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯಿರಿ. ಇದೇ ಸ್ಕ್ರಿಪ್ಟ್. ಹೀಗಿದ್ದರೆ ಸಾಕು:

ಮಾತು: ಕಬ್ಬು ಹಾಕಿದ್ದೀವಿ
ನೆನಪು: ಬೆಳೆ = ಕಬ್ಬು, ದಿನ = ಇವತ್ತು
ಉತ್ತರ: ಒಳ್ಳೇದಾಯ್ತು. ಎಷ್ಟು ಎಕರೆ?
ಉತ್ತರ: ಹೌದಾ? ಈ ಸಲ ಯಾವ ತಳಿ?

ಪ್ರೋಗ್ರಾಂ ಒಂದೊಂದೇ ಸಾಲು ಓದಿ, ವಿಸರ್ಗದಂತಿರುವ ಆ ಎರಡು ಚುಕ್ಕೆಯ ಹಿಂದಿನ ಪದ ನೋಡಿ ಏನು ಮಾಡಬೇಕೆಂದು ತಿಳಿಯುತ್ತದೆ. ಉತ್ತರ ಎರಡು ಮೂರು ಇದ್ದರೆ ಒಂದನ್ನು ಆರಿಸುತ್ತದೆ, ಹೋದ ಸಲ ಹೇಳಿದ್ದನ್ನು ಮಾತ್ರ ಬಿಟ್ಟು. ಇದರಿಂದ ಇನ್ನೊಂದು ಲಾಭವಿದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ನಿಮ್ಮ ತಂಗಿಯೋ ಚಿಕ್ಕಪ್ಪನೋ ಕೂಡ ಸಾಲು ಸೇರಿಸಬಹುದು. ಮಾತು ಸಹಜವಾಗಿ ಬರುವುದು ಹೆಚ್ಚಾಗಿ ಅಂಥವರ ಕೈಯಿಂದಲೇ.

ಈ ದಾರಿ ಹೊಸದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲೈಜಾ’ ಅನ್ನುವ ಚಾಟ್‌ಬಾಟ್ ಕೂಡ ಹೀಗೇ ಇತ್ತು. ಪ್ರೋಗ್ರಾಂ ಒಂದು ಕಡೆ, ಸ್ಕ್ರಿಪ್ಟ್ ಇನ್ನೊಂದು ಕಡೆ. 1995ರಲ್ಲಿ ರಿಚರ್ಡ್ ವಾಲೇಸ್ ಶುರು ಮಾಡಿದ ‘ಆಲಿಸ್’ ಚಾಟ್‌ಬಾಟ್ ಇದನ್ನೇ ತುಂಬಾ ದೂರ ಕೊಂಡೊಯ್ದಿತು.

ಕನ್ನಡದಲ್ಲಿ ಎಡವುವ ಜಾಗ

ಇಂಗ್ಲಿಷ್ ಪಾಠಗಳನ್ನು ನೋಡಿ ಮಾಡುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಆದ್ದರಿಂದ ನಿಧಾನವಾಗಿ ನೋಡೋಣ. ವಾಕ್ಯದಿಂದ ಪದಗಳನ್ನು ಬಿಡಿಸಲು ಪೈಥಾನ್‌ನಲ್ಲಿ ಅಕ್ಷರಗಳ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಎಲ್ಲರೂ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ (\w, ಅಂದರೆ ಅಕ್ಷರ ಅಥವಾ ಅಂಕಿ) ಬಳಸುತ್ತಾರೆ. ಅದಕ್ಕೆ ‘ಮೈಸೂರು’ ಕೊಟ್ಟು ನೋಡಿ. ‘ಮ’, ‘ಸ’, ‘ರ’ ಅಂತ ಮೂರು ಚೂರು ವಾಪಸ್ ಬರುತ್ತದೆ! ಅದರ ಲೆಕ್ಕದಲ್ಲಿ ನಮ್ಮ ಐತ್ವ, ಕೊಂಬು, ಸೊನ್ನೆ ಇವೆಲ್ಲ ಅಕ್ಷರಗಳೇ ಅಲ್ಲ. ಪರಿಹಾರ ಸುಲಭ. ಖಾಲಿ ಜಾಗ ಇದ್ದಲ್ಲಿ ಒಡೆದು, ಪದದ ತುದಿಯ ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆಗಳನ್ನು ತೆಗೆದುಬಿಡಿ.

ಇನ್ನೊಂದು ತೊಡಕು ಕಣ್ಣಿಗೇ ಕಾಣುವುದಿಲ್ಲ. ‘ಕೊ’ ಅಕ್ಷರದ ಒತ್ವವನ್ನು, ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ, ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿಯೂ ಬರೆಯಬಹುದು. ನಮಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪೈಥಾನ್‌ನಲ್ಲೇ ಇರುವ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಿಂದ ಬಂದ ಮಾತನ್ನೂ ಸ್ಕ್ರಿಪ್ಟ್ ಸಾಲನ್ನೂ ‘ಎನ್‌ಎಫ್‌ಸಿ’ ಅನ್ನುವ ಒಂದೇ ರೂಪಕ್ಕೆ ತಂದುಕೊಂಡು ಆಮೇಲೆ ಹೋಲಿಸಿ.

ಆಮೇಲೆ ವಿಭಕ್ತಿ. ಮೈಸೂರಿಗೆ, ಮೈಸೂರಲ್ಲಿ, ಮೈಸೂರಿಂದ ಎಲ್ಲವನ್ನೂ ಹಿಡಿಯಲು ‘ಮೈಸೂರ’ ಅಂತ ಶುರುವಾಗುತ್ತದಾ ಅಂತ ನೋಡಿದರೆ ಸಾಕು. ಆದರೆ ಸಣ್ಣ ಪದಗಳಿಗೆ ಈ ಉಪಾಯ ನಡೆಯುವುದಿಲ್ಲ. ‘ಮಗ’ ಅಂತ ಹುಡುಕಿದರೆ ಮಗಳು, ಮಗು ಇಬ್ಬರೂ ಬಂದು ನಿಲ್ಲುತ್ತಾರೆ. ಮಗಳ ಪರೀಕ್ಷೆಯನ್ನು ಮಗನ ಹೆಸರಲ್ಲಿ ಬರೆದಿಟ್ಟುಕೊಂಡರೆ ಚೆಲುವನ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಅಂಥ ಪದಗಳಿಗೆ ಮಗ, ಮಗನ, ಮಗನಿಗೆ ಅಂತ ಪೂರ್ತಿ ಪಟ್ಟಿಯನ್ನೇ ಬರೆಯಿರಿ. ಜೊತೆಗೆ ‘ಐತೆ’ ಅಂದರೆ ‘ಇದೆ’, ‘ಬತ್ತೀನಿ’ ಅಂದರೆ ‘ಬರ್ತೀನಿ’ ಅನ್ನುವ ಬದಲಿ ಪಟ್ಟಿಯೂ ಇರಲಿ. ನಮ್ಮ ಕಡೆ ಜನ ಹಾಗೇ ಟೈಪ್ ಮಾಡುತ್ತಾರೆ.

ನೆನಪು ಮೂರು ಬಗೆ

ಮೊದಲನೆಯದು, ಈಗಷ್ಟೇ ಚೆಲುವ ಏನು ಕೇಳಿದ ಅನ್ನುವುದು. ನಮ್ಮವರು ಅರ್ಧ ಪ್ರಶ್ನೆಗಳಿಗೆ ‘ಹೂಂ’ ಅಂತ ಉತ್ತರ ಕೊಡುತ್ತಾರೆ. ತಾನು ಕೇಳಿದ್ದೇ ನೆನಪಿಲ್ಲದಿದ್ದರೆ ಆ ‘ಹೂಂ’ಗೆ ಅರ್ಥವೇ ಇಲ್ಲ. ಎರಡನೆಯದು, ಸದ್ಯ ನಡೆಯುತ್ತಿರುವ ವಿಷಯ. ಕಬ್ಬಿನ ಮಾತು ನಡೆಯುವಾಗ ‘ನೀರು ಬಂತು’ ಅಂದರೆ ಅದು ನಾಲೆ ನೀರು, ನಲ್ಲಿ ನೀರಲ್ಲ. ಇವೆರಡಕ್ಕೂ ಒಂದೊಂದು ವೇರಿಯಬಲ್ ಸಾಕು.

ಮೂರನೆಯದೇ ಕಾಯಂ ನೆನಪು. ಇದನ್ನು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲಿ ಒಂದು ಟೇಬಲ್ ಆಗಿ ಇಡಿ. ಪೈಥಾನ್ ಜೊತೆಗೇ ಬರುತ್ತದೆ, ಎಲ್ಲವೂ ಒಂದೇ ಫೈಲಿನಲ್ಲಿರುತ್ತದೆ. ಒಂದು ಸಾಲು ಹೀಗಿರಲಿ:

ಯಾರು: ಅಮ್ಮ
ಏನು: ಮಂಡಿನೋವು
ಹೇಳಿದ ದಿನ: ಜೂನ್ 3
ಮತ್ತೆ ಕೇಳುವ ದಿನ: ಜೂನ್ 5
ಕೊನೆಗೆ ಕೇಳಿದ್ದು: ಖಾಲಿ
ಸ್ಥಿತಿ: ಮುಗಿದಿಲ್ಲ

ಮೊದಲ ಮೂರು ಕಾಲಂ ಎಲ್ಲರೂ ಹಾಕುತ್ತಾರೆ. ಕೊನೆಯ ಮೂರನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಬಾಟ್‌ನ ಗುಣ ಇರುವುದೇ ಆ ಮೂರರಲ್ಲಿ. ಹೇಳಿದ್ದನ್ನೆಲ್ಲ ಬರೆದಿಡುವುದು ದೊಡ್ಡ ವಿಷಯವಲ್ಲ. ಯಾವಾಗ ಎತ್ತಬೇಕು, ಯಾವಾಗ ಸುಮ್ನೆ ಇರಬೇಕು ಅನ್ನುವುದನ್ನು ನೀವು ಕಲಿಸಬೇಕು. ದಿನಾ ಬೆಳಗ್ಗೆ ‘ಮಂಡಿನೋವು ಹೇಗಿದೆ’ ಅಂತ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಒಮ್ಮೆ ಕೇಳಿದ ಮೇಲೆ ದಿನಾಂಕ ಬರೆದುಕೊಂಡು, ಮುಂದಿನ ದಿನವನ್ನು ವಾರ ದೂರ ತಳ್ಳಲಿ. ‘ಈಗ ಪರವಾಗಿಲ್ಲ’ ಅಂದರೆ ಸ್ಥಿತಿಯನ್ನು ‘ಮುಗಿದಿದೆ’ ಅಂತ ಬದಲಿಸಲಿ. ಎಲ್ಲದಕ್ಕೂ ಒಂದೇ ಗಡುವು ಬೇಡ. ನಾಲೆ ನೀರಿನ ಮಾತು ವಾರದಲ್ಲಿ ಹಳತಾಗುತ್ತದೆ. ಕಬ್ಬು ಸುಮಾರು ಒಂದು ವರ್ಷದ ಬೆಳೆ, ಹಾಕಿದ ದಿನ ಗೊತ್ತಿದ್ದರೆ ಹತ್ತು ಹನ್ನೊಂದು ತಿಂಗಳಾದ ಮೇಲೂ ‘ಕಟಾವು ಯಾವಾಗ?’ ಅಂತ ಕೇಳಬಹುದು.

‘ನಾಡಿದ್ದು ಅಪ್ಪನ್ನ ಮೈಸೂರಿಗೆ ಕರ್ಕೊಂಡು ಹೋಗ್ಬೇಕು, ಕೆ.ಆರ್. ಆಸ್ಪತ್ರೆಲಿ ತೋರಿಸ್ಬೇಕು’ ಅಂದರೆ ‘ನಾಡಿದ್ದು’ ಅಂತಲೇ ಬರೆದಿಡಬಾರದು. ಇವತ್ತಿನ ದಿನಾಂಕಕ್ಕೆ ಎರಡು ಸೇರಿಸಿ ಆ ದಿನಾಂಕವನ್ನೇ ಬರೆಯಬೇಕು. ಆ ದಿನಾಂಕದ ಮಾರನೇ ದಿನ ಚೆಲುವ ‘ಅಪ್ಪನ್ನ ತೋರಿಸ್ಕೊಂಡು ಬಂದ್ರಾ?’ ಅಂತ ಮಾತ್ರ ಕೇಳಲಿ. ‘ಹೂಂ’ ಅಂದರೆ ‘ಡಾಕ್ಟ್ರು ಏನಂದ್ರು?’ ಅನ್ನಲಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಕೆಲವು ಸಂಗತಿಗೆ ಒಂದೇ ಉತ್ತರ ಇರುತ್ತದೆ, ಇರುವ ಊರಿನ ಹಾಗೆ. ಮಂಡ್ಯದಿಂದ ಮೈಸೂರಿಗೆ ಮನೆ ಬದಲಿಸಿದರೆ ಹಳೆಯದನ್ನು ಅಳಿಸದೆ ‘ಮೊದಲು’ ಅಂತ ಗುರುತು ಹಾಕಿ. ಇಷ್ಟದ ತಿಂಡಿ ಎಷ್ಟಾದರೂ ಇರಬಹುದು, ಅಲ್ಲಿ ಸೇರಿಸುತ್ತಾ ಹೋಗಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ‘ಅಜ್ಜಿ ತೀರಿಕೊಂಡ್ರು’ ಅಂತ ಯಾರಾದರೂ ಬರೆದರೆ, ಅಜ್ಜಿಯ ಬಗ್ಗೆ ಮುಗಿಯದೆ ಉಳಿದಿರುವ ಪ್ರಶ್ನೆಗಳೆಲ್ಲ ಆ ಕ್ಷಣವೇ ಮುಚ್ಚಬೇಕು. ವಾರ ಬಿಟ್ಟು ‘ಅಜ್ಜಿಯ ಕೆಮ್ಮು ಕಡಿಮೆ ಆಯ್ತಾ?’ ಅಂತ ಬಾಟ್ ಕೇಳಿದರೆ ಆ ಮನೆಯವರಿಗೆ ಹೇಗಾಗಬೇಡ! ಈ ನಿಯಮವನ್ನು ಸ್ಕ್ರಿಪ್ಟ್‌ನ ಎಲ್ಲಕ್ಕಿಂತ ಮೇಲೆ ಬರೆಯಿರಿ.

ಅರ್ಥವಾಗದಿದ್ದಾಗ

ಎಷ್ಟು ಬರೆದರೂ ಅರ್ಥವಾಗದ ಮಾತು ಬಂದೇ ಬರುತ್ತದೆ. ಎಲೈಜಾದಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿತ್ತು. ‘ನನ್ನ’ ಅಂತ ಬಂದ ವಾಕ್ಯಗಳನ್ನು ಅದು ಪಕ್ಕಕ್ಕೆ ಇಟ್ಟುಕೊಳ್ಳುತ್ತಿತ್ತು. ಮುಂದೆ ಯಾವ ಪದವೂ ಹೊಂದದಿದ್ದಾಗ ಅದರಲ್ಲಿ ಒಂದನ್ನು ತೆಗೆದು ‘ಆಗ ನಿಮ್ಮ ಅಮ್ಮನ ಬಗ್ಗೆ ಹೇಳಿದ್ರಲ್ಲ’ ಅನ್ನುವ ಥರ ಮಾತು ಎತ್ತುತ್ತಿತ್ತು. ಚೆಲುವನಿಗೂ ಇದನ್ನೇ ಕೊಡಿ. ಆದರೆ ಸತತವಾಗಿ ಎರಡು ಸಲ ಅರ್ಥವಾಗದಿದ್ದರೆ ‘ಗೊತ್ತಾಗ್ಲಿಲ್ಲ, ಬೇರೆ ಥರ ಹೇಳ್ತೀರಾ?’ ಅಂತ ನೇರವಾಗಿ ಕೇಳಲಿ.

ಆಡಿದ ಮಾತನ್ನೇ ತಿರುಗಿಸಿ ಕೇಳುವುದು ಎಲೈಜಾದ ಇನ್ನೊಂದು ವಿದ್ಯೆ. ಕನ್ನಡದಲ್ಲಿ ‘ನಾನು ಹೋದೆ’ಯಲ್ಲಿ ‘ನಾನು’ ತೆಗೆದು ‘ನೀವು’ ಹಾಕಿದರೆ ‘ನೀವು ಹೋದೆ’ ಆಗುತ್ತದೆ, ಕ್ರಿಯಾಪದವೂ ಬದಲಾಗಬೇಕು. ‘ನನಗೆ’ ಅಂತ ಶುರುವಾಗುವ ವಾಕ್ಯಕ್ಕೆ ಆ ತೊಂದರೆ ಇಲ್ಲ. ‘ನನಗೆ ಬೇಜಾರಾಗಿದೆ’ ಅಂದರೆ ‘ನಿಮಗೆ ಬೇಜಾರಾಗಿದೆಯಾ?’ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಅಂಥ ವಾಕ್ಯಗಳನ್ನು ಮಾತ್ರ ತಿರುಗಿಸಿ. ಮೊದಲಿಗೆ ಎಲ್ಲರಿಗೂ ಬಹುವಚನವೇ ಇರಲಿ. ‘ನೀನು ಅನ್ನು, ಪರವಾಗಿಲ್ಲ’ ಅಂದವರ ಹೆಸರಿನ ಮುಂದೆ ಮಾತ್ರ ಏಕವಚನ ಅಂತ ಗುರುತು ಮಾಡಿ.

ನೆನಪಿನ ಫೈಲು ಎಲ್ಲಿರಬೇಕು?

ಎಲೈಜಾ ಬರೀ ಪ್ರೋಗ್ರಾಂ ಅಂತ ಗೊತ್ತಿದ್ದ ವೈಜೆನ್‌ಬಾಮ್ ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಾಡುವಾಗ, ಸ್ವಲ್ಪ ಹೊರಗೆ ಹೋಗಿ ಅಂತ ಅವರನ್ನು ಕೇಳಿದ್ದರು. ಜನ ಬಾಟ್ ಮುಂದೆ ಮನಸ್ಸು ಬಿಚ್ಚುತ್ತಾರೆ. ಹಾಗಾಗಿ ಆ ಫೈಲು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಎದುರು ಎತ್ತದ ಹಾಗೆ ಪ್ರತಿ ಸಾಲಿಗೂ ಹೇಳಿದವರ ಹೆಸರು ಸೇರಿಸಿ. ‘ಅದನ್ನ ಮರೆತುಬಿಡು’ ಅಂದರೆ ಆ ಸಾಲು ನಿಜವಾಗಿ ಅಳಿಸಿ ಹೋಗಬೇಕು. ‘ನನ್ನ ಬಗ್ಗೆ ಏನೇನು ಗೊತ್ತು?’ ಅಂದರೆ ಎಲ್ಲವನ್ನೂ ತೋರಿಸಬೇಕು.

ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಈಗಿನ ದೊಡ್ಡ ಭಾಷಾ ಮಾದರಿಗಳನ್ನು ಸೇರಿಸಬಹುದಾ? ಸೇರಿಸಬಹುದು. ಆದರೆ ಮಾದರಿಗೆ ತಾನಾಗಿ ನಿನ್ನೆಯ ಮಾತು ನೆನಪಿರುವುದಿಲ್ಲ. ಹಳೆಯ ಮಾತನ್ನು ಪ್ರತಿ ಸಲವೂ ಪ್ರಶ್ನೆಯ ಜೊತೆ ಕಳಿಸಬೇಕು. ಅಲ್ಲೂ ನಿಮ್ಮ ಇದೇ ನೆನಪಿನ ಟೇಬಲ್ ಕೆಲಸಕ್ಕೆ ಬರುತ್ತದೆ, ಬೇಕಾದ ನಾಲ್ಕು ಸಾಲು ಆರಿಸಿ ಕಳಿಸಿದರೆ ಆಯಿತು. ಇಂಟರ್ನೆಟ್‌ನಲ್ಲಿರುವ ಮಾದರಿಯಾದರೆ ಆ ಸಾಲುಗಳು ಮನೆಯಿಂದ ಹೊರಗೆ ಹೋಗುತ್ತವೆ ಅನ್ನುವುದು ಗೊತ್ತಿರಲಿ. ಮನೆಯವರನ್ನು ಕೇಳಿಯೇ ಮಾಡಿ.

ಕೊನೆಗೆ, ಚೆಲುವನಿಗೆ ಅರ್ಥವಾಗದ ಮಾತುಗಳೆಲ್ಲ ಬೇರೆ ಫೈಲಿಗೆ ಸೇರುವ ಹಾಗೆ ಮಾಡಿ. ಭಾನುವಾರ ಕೂತು ಅದನ್ನು ಓದಿ, ಪದೇ ಪದೇ ಬಂದಿರುವ ಮಾತಿಗೆ ಮೊದಲು ಉತ್ತರ ಬರೆಯಿರಿ. ಹೊಸ ಸಾಲು ಸೇರಿಸಿದಾಗಲೆಲ್ಲ ಹಳೆಯ ಸಂಭಾಷಣೆಗಳನ್ನು ಇನ್ನೊಮ್ಮೆ ಓಡಿಸಿ, ಮೊದಲು ಸರಿಯಾಗಿ ಬರುತ್ತಿದ್ದ ಉತ್ತರ ಈಗಲೂ ಬರುತ್ತದಾ ಅಂತ ನೋಡಿ.