ದೊಡ್ಡ ನೆಲಹಾಸಿನ ಮುಗ್ಗಲು ವಾಸನೆ ಹೋದದ್ದು ಹೀಗೆ

ನಮ್ಮ ನೆಲಹಾಸು ಮನೆಯಲ್ಲೇ ತೊಳೆಯಬಹುದಾದದ್ದೇ ಆದರೂ, ಅಷ್ಟು ದೊಡ್ಡದು ಸಡಿಲವಾಗಿ ಹೊರಳಾಡಲು ಒಗೆಯುವ ಯಂತ್ರದಲ್ಲಿ ಜಾಗ ಸಾಲುತ್ತಿರಲಿಲ್ಲ. ಒಳಮಡಿಕೆಗಳಿಗೆ ನೀರು ಸರಿಯಾಗಿ ತಲುಪದೆ ಸೋಪು ಅಲ್ಲೇ ಉಳಿದು, ಒಣಗಿದ ಮೇಲೆ ಎಳೆಗಳು ಬಿರುಸಾಗಿ ಮುಗ್ಗಲು ವಾಸನೆ ಬರುತ್ತಿತ್ತು. ಉಳಿದ ಸೋಪು ಧೂಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಾಸು ಬೇಗನೆ ಮತ್ತೆ ಕೊಳೆಯಾಗುತ್ತಿತ್ತು.

ಆದ್ದರಿಂದ ಅದನ್ನು ತುಸು ಇಳಿಜಾರಾದ ಗಟ್ಟಿ ನೆಲದ ಮೇಲೆ ಬಿಡಿಸಿ ಹಾಕಿ ತೊಳೆದೆ. ಮೊದಲು ಎರಡೂ ಬದಿಗಳ ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ತೆಗೆದೆ. ಒಣ ಮಣ್ಣಿಗೆ ನೀರು ಬಿದ್ದರೆ ಅದು ಕೆಸರಾಗಿ ಎಳೆಗಳ ಬುಡಕ್ಕೆ ಇಳಿಯುವುದರಿಂದ ಈ ಕೆಲಸವನ್ನು ಯಾರೂ ಬಿಡಬಾರದು. ಒದ್ದೆಯಾದ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡೆ. ಬಿಸಿನೀರು ರಬ್ಬರಿನ ಹಿಂಬದಿಯನ್ನು ಹಾಳುಮಾಡಬಲ್ಲದಾದ್ದರಿಂದ, ತಣ್ಣೀರಿನಲ್ಲಿ ಸೌಮ್ಯವಾದ ದ್ರವ ಸೋಪನ್ನು ತೆಳುವಾಗಿ ಕಲಸಿ, ಮೃದುವಾದ ಬ್ರಷ್‌ನಿಂದ ಉಜ್ಜಿದೆ.

ನಿಜವಾದ ಶ್ರಮವಿರುವುದು ಜಾಲಿಸುವುದರಲ್ಲಿ. ಹರಿದುಹೋಗುವ ನೀರಿನಲ್ಲಿ ನೊರೆ ಪೂರ್ತಿ ನಿಲ್ಲುವವರೆಗೂ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ನೀರು ಹಾಯಿಸುತ್ತಲೇ ಇದ್ದೆ. ಇದಕ್ಕೆ ಸೋಪು ಹಚ್ಚಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ಬಳಿಕ ಹಿಂಡದೆ, ಸುರುಳಿ ಸುತ್ತಿ ಒತ್ತಿ ನೀರಿಳಿಸಿದೆ. ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಆಕಾರ ಕೆಡುತ್ತದೆ. ಹಾಗಾಗಿ ಸಾಲು ಕುರ್ಚಿಗಳ ಬೆನ್ನಿನ ಮೇಲೆ ಹರಡಿ, ಅಡಿಯಿಂದಲೂ ಗಾಳಿಯಾಡುವಂತೆ ಫ್ಯಾನ್ ಇಟ್ಟೆ. ಮೇಲ್ಭಾಗ ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಉಳಿದಿರುತ್ತದೆ. ಅಂಗೈಯಿಂದ ಗಟ್ಟಿಯಾಗಿ ಒತ್ತಿದಾಗ ಎಲ್ಲಿಯೂ ತಣ್ಣಗೆನಿಸದಿದ್ದ ಮೇಲಷ್ಟೇ ಅದನ್ನು ಮತ್ತೆ ಹಾಸಿದೆ.