ಡ್ರಮ್ ಕಳಚಲು ಹೋಗಿ ಎರಡು ದಿನ

ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದರೂ ಇಳಿಜಾರಿನಲ್ಲಿ ಕಾರು ಮೆಲ್ಲಗೆ ಜಾರುತ್ತಿತ್ತು. ಹಿಂದಿನ ಬ್ರೇಕ್ ಶೂ, ಅಂದರೆ ಡ್ರಮ್ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿ, ಸವೆದಿರಬೇಕು, ಬಿಚ್ಚಿ ನೋಡೋಣ ಎಂದು ಹೊರಟೆ. 20 ವರ್ಷ ದಾಟಿದ ಗಾಡಿ. ಶೂಗಳನ್ನು ಮುಚ್ಚಿಕೊಂಡು ಚಕ್ರದ ಜೊತೆ ತಿರುಗುವ ಬೋಗುಣಿಯಂಥ ಡ್ರಮ್ ಕೊನೆಯ ಸಲ ಕಳಚಿದ್ದು ಯಾವಾಗ ಎಂಬುದು ನನಗೇ ನೆನಪಿಲ್ಲ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ.

ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದೆ ಜಾಕ್ ಏರಿಸಿ, ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಈ ಕೆಲಸಕ್ಕೆ ಕೂರಬಾರದು, ಇಲ್ಲಿ ಗಾಡಿಯನ್ನು ಅಲುಗಾಡಿಸುವುದೇ ಕೆಲಸ. ಹ್ಯಾಂಡ್‌ಬ್ರೇಕ್ ಇಳಿಸಲು ಮರೆತು ಡ್ರಮ್ ಜೊತೆ ಕುಸ್ತಿ ಆಡುವವರೂ ಇದ್ದಾರೆ. ಮೊದಲ ಹತ್ತು ನಿಮಿಷ ನಾನೂ ಅದನ್ನೇ ಮಾಡಿದೆ.

ಎಡಗಡೆಯದು ಕೈಯಲ್ಲಿ ಸಲೀಸಾಗಿ ತಿರುಗುತ್ತಿತ್ತು, ಆದರೆ ಜಪ್ಪಯ್ಯ ಅಂದರೂ ಹೊರಗೆ ಬರಲೊಲ್ಲದು. ಹಾಗಾದರೆ ಶೂ ಹಿಡಿದಿಲ್ಲ. ಚಕ್ರ ಕೂರುವ ಹಬ್‌ನ ನಡುವಿನ ಉಬ್ಬಿಗೂ ಡ್ರಮ್‌ನ ತೂತಿಗೂ ನಡುವೆ ತುಕ್ಕು ಬೆಸುಗೆ ಹಾಕಿದಂತೆ ಕೂತಿದೆ. ಡ್ರಮ್ ಹಿಡಿದಿದ್ದ ಸಣ್ಣ ಸ್ಕ್ರೂ ತೆಗೆದು, ಹಬ್ ಸುತ್ತ, ಚಕ್ರ ಬಿಗಿಯುವ ಸ್ಟಡ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಟ್ಟೆ. ಡ್ರಮ್ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿದ್ದವು. ಬೆಳಿಗ್ಗೆ ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಎಂದು ಬಿಗಿಸುತ್ತಾ ಹೋದೆ. ಬೋಲ್ಟ್ ತುದಿ ಹಬ್‌ಗೆ ಒತ್ತಿ ಡ್ರಮ್ಮನ್ನು ಈಚೆ ತಳ್ಳುತ್ತದೆ. ಬಿಗಿ ಇರುವಾಗಲೇ ಸ್ಟಡ್‌ಗಳ ನಡುವಿನ ಮುಖದ ಮೇಲೆ ಸುತ್ತಿಗೆಯಿಂದ ನಾಲ್ಕು ಏಟು. ಅಂಚಿಗೆ ಹೊಡೆಯಲಿಲ್ಲ, ಬೀಡುಕಬ್ಬಿಣ ಬಿರುಕು ಬಿಟ್ಟರೆ ಮುಗಿಯಿತು. 'ಟಪ್' ಎಂದಿತು, ಡ್ರಮ್ ಕೈಗೆ ಬಂತು.

ಎಡಗಡೆ ಗೆದ್ದ ಸೊಕ್ಕಿನಲ್ಲಿ ಬಲಗಡೆಗೂ ಅದೇ ಮದ್ದು ಮಾಡಿದೆ. ಬೋಲ್ಟ್ ಬಿಗಿಸಿದೆ, ಬಡಿದೆ. ಡ್ರಮ್ ಒಂದಿಷ್ಟು ಈಚೆ ಬಂದು ಸ್ಪ್ರಿಂಗ್‌ನಂತೆ ಹಿಂದಕ್ಕೆ ಹೋಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ತುಕ್ಕು ಆಗಲೇ ಬಿಟ್ಟಿತ್ತು, ಈಗ ಹಿಡಿದಿದ್ದು ಶೂ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಡ್ರಮ್ ಒಳಗೆ ಹಳ್ಳ ಬಿದ್ದಿರುತ್ತದೆ, ಬಾಯಂಚಿನಲ್ಲಿ ಮಾತ್ರ ಏಣು ಉಳಿದಿರುತ್ತದೆ. ಶೂಗಳು ಆ ಏಣಿನ ಹಿಂದೆ ಸಿಕ್ಕಿಕೊಳ್ಳುತ್ತವೆ. ನಾನು ಇನ್ನೂ ಬಿಗಿಸಿದೆ. ಒಂದು ತೂತಿನ ಥ್ರೆಡ್ ಕಿತ್ತುಬಂತು.

ಆಮೇಲೆ ಕಾರಿನಡಿ ಮಲಗಿ ಹ್ಯಾಂಡ್‌ಬ್ರೇಕ್ ಕೇಬಲ್ಲಿನ ನಟ್ ಸಡಿಲಿಸಿದೆ. ಡ್ರಮ್ ಹಿಂದಿನ ತಗಡಿನ, ಅಂದರೆ ಬ್ಯಾಕ್ ಪ್ಲೇಟಿನ, ರಬ್ಬರ್ ಮುಚ್ಚಳ ತೆಗೆದರೆ ಶೂಗಳನ್ನು ಡ್ರಮ್ ಹತ್ತಿರಕ್ಕೆ ತಳ್ಳಿಡುವ ಅಡ್ಜಸ್ಟರ್‌ನ ಹಲ್ಲುಚಕ್ರ ಕಾಣುತ್ತದೆ. ಅದು ಬಿಗಿಯಾಗುವ ಕಡೆಗೆ ತಾನಾಗಿ ತಿರುಗುತ್ತದೆ, ಸಡಿಲಿಸಲು ಹೋದರೆ ಲಿವರ್ ತಡೆಯುತ್ತದೆ. ತೆಳು ಸ್ಕ್ರೂಡ್ರೈವರ್‌ನಿಂದ ಲಿವರನ್ನು ದೂರ ತಳ್ಳಿ ಹಿಡಿದು, ಇನ್ನೊಂದರಿಂದ ಹಲ್ಲು ಹಲ್ಲಾಗಿ ತಿರುಗಿಸಿದೆ. ಡ್ರಮ್ ತಿರುಗಿಸುವುದು ಇನ್ನಷ್ಟು ಗಟ್ಟಿಯಾದರೆ ದಿಕ್ಕು ತಪ್ಪಿದೆ ಎಂದರ್ಥ. ಹದಿನೈದಿಪ್ಪತ್ತು ಹಲ್ಲು ಕಳೆದ ಮೇಲೆ ಎರಡೂ ಕೈಯಲ್ಲಿ ಅಲ್ಲಾಡಿಸಿ ಎಳೆದೆ, ಸುತ್ತಿಗೆ ಬೇಕಾಗಲೇ ಇಲ್ಲ. ಒಳಗೆ ನೋಡಿದರೆ ಶೂ ಹಿಡಿದಿಡುವ ಪಿನ್ ಬಗ್ಗಿತ್ತು. ಅದು ನನ್ನ ಪೌರುಷದ ಫಲ.

ಧೂಳನ್ನು ಊದಲಿಲ್ಲ. ಶೂ ಮೇಲೆ ಅಂಟಿರುವ ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿದೆ. ಡ್ರಮ್ ಇಲ್ಲದಾಗ ಬ್ರೇಕ್ ಪೆಡಲ್ ಒತ್ತಿದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಚಿಮ್ಮುತ್ತದೆ, ಹಾಗಾಗಿ ಬಾಗಿಲು ಲಾಕ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡಿದ್ದೆ. ಹ್ಯಾಂಡ್‌ಬ್ರೇಕ್ ಕೆಟ್ಟಿದ್ದರ ಕಾರಣ ಎಡಗಡೆ ಸಿಕ್ಕಿತು: ಶೂ ಸವೆದಂತೆ ಹಿಗ್ಗಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ನಿಂತೇಬಿಟ್ಟಿತ್ತು. ಅದಕ್ಕೇ ಅಲ್ಲಿ ಡ್ರಮ್ ಅಷ್ಟು ಸಲೀಸಾಗಿ ತಿರುಗಿದ್ದು.

ಗರಿಷ್ಠ ವ್ಯಾಸ ಡ್ರಮ್ ಮೇಲೆಯೇ ಅಚ್ಚಾಗಿರುತ್ತದೆ. ಅಳೆದೆ, ಮಿತಿಯೊಳಗೇ ಇತ್ತು. ಏಣನ್ನು ಅರದಿಂದ ಉಜ್ಜಿ, ಹಬ್ಬನ್ನು ವೈರ್ ಬ್ರಷ್‌ನಿಂದ ಬೆಳಗಿ, ಉಬ್ಬಿಗೆ ಮಾತ್ರ ತೆಳುವಾಗಿ ತಾಮ್ರದ ಗ್ರೀಸ್ ಸವರಿದೆ. ಹೊಸ ಶೂ, ಹೊಸ ಪಿನ್ ಬಂದವು. ಬಲ ಡ್ರಮ್‌ನಲ್ಲಿ ಈಗ ಬೋಲ್ಟ್ ಹಿಡಿಯುವುದು ಒಂದೇ ತೂತು.