ಜನಾಂಗವೊಂದರ ಹೆಸರಿನ ಮೂಲವನ್ನು ಶೋಧಿಸುವ ಕ್ರಮ: ಇನುಯಿಟ್ ಮತ್ತು ಎಸ್ಕಿಮೊ

ಮೂಲನಿವಾಸಿ ಜನಾಂಗವೊಂದರ ಹೆಸರಿನ ಅರ್ಥವನ್ನು ಬರೆಯಹೊರಟವರು ಮೊದಲು ಆ ಹೆಸರನ್ನು ಇಟ್ಟವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ‘ಎಸ್ಕಿಮೊ’ ಎಂಬುದು ಹೊರಗಿನವರು ಕೊಟ್ಟ ಹೆಸರು. ಕೆನಡಾದ ಉತ್ತರ ಭಾಗದಲ್ಲಿ ನೆಲೆಸಿರುವ ಜನ ತಮ್ಮನ್ನು ಕರೆದುಕೊಳ್ಳುವುದು ‘ಇನುಯಿಟ್’ ಎಂದು. ಇವೆರಡನ್ನೂ ಬೇರೆಬೇರೆಯಾಗಿಯೇ ಪರಿಶೀಲಿಸಬೇಕು.

ಸ್ವಂತ ಹೆಸರನ್ನು ಆ ಭಾಷೆಯ ವ್ಯಾಕರಣದೊಳಗೇ ಬಿಡಿಸಿ ನೋಡಿ. ಸಂಸ್ಕೃತದಂತೆ ದ್ವಿವಚನವುಳ್ಳ ಇನುಕ್ಟಿಟುಟ್ ಭಾಷೆಯಲ್ಲಿ ಒಬ್ಬರಾದರೆ ‘ಇನುಕ್’, ಇಬ್ಬರಾದರೆ ‘ಇನೂಕ್’, ಮೂವರು ಅಥವಾ ಅದಕ್ಕಿಂತ ಹೆಚ್ಚಿನವರಾದರೆ ‘ಇನುಯಿಟ್’, ಅಂದರೆ ಮನುಷ್ಯರು. ಆದ್ದರಿಂದ ‘ಒಬ್ಬ ಇನುಯಿಟ್’ ಎಂದು ಬರೆಯುವುದು ತಪ್ಪಾಗುತ್ತದೆ.

ಹೊರಗಿನವರ ಹೆಸರಿಗೆ ಹೆಚ್ಚಿನ ಎಚ್ಚರಿಕೆ ಬೇಕು. ‘ಎಸ್ಕಿಮೊ’ ಎಂದರೆ ಹಸಿ ಮಾಂಸ ತಿನ್ನುವವರು ಎಂಬ ವಿವರಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಇಂತಹ ವಿವರಣೆ ಎದುರಾದಾಗ ಪದವು ಯಾವ ಭಾಷೆಯಲ್ಲಿ ಹುಟ್ಟಿ, ಯಾರ ಬಾಯಿಂದ ಯಾರ ಬರಹಕ್ಕೆ ದಾಟಿತು ಎಂಬ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗಬೇಕು. ಉತ್ತರ ಅಮೆರಿಕದ ಆಲ್ಗೊಂಕಿಯನ್ ಭಾಷಾಕುಟುಂಬಕ್ಕೆ ಸೇರಿದ, ‘ಇನ್ನು’ (Innu) ಎಂಬ ನೆರೆಯ ಜನರ ಭಾಷೆಯಿಂದ ಈ ಪದ ಯುರೋಪಿಯನ್ನರಿಗೆ ತಲುಪಿತು; ಅಲ್ಲಿನ ರೂಪವನ್ನು ಪರಿಶೀಲಿಸಿದ ಭಾಷಾವಿಜ್ಞಾನಿ ಐವ್ಸ್ ಗೊಡ್ಡಾರ್ಡ್, ಹಿಮದ ಮೇಲೆ ನಡೆಯಲು ಬಳಸುವ ಪಾದರಕ್ಷೆಗೆ ಬಲೆ ಹೆಣೆಯುವ ಕ್ರಿಯೆಯೇ ಇದರ ಮೂಲವೆಂದು ವಾದಿಸಿದ್ದು, ಇಂದು ಹೆಚ್ಚಿನ ವಿದ್ವಾಂಸರು ಇದನ್ನೇ ಒಪ್ಪುತ್ತಾರೆ. (‘ಇನ್ನು’ ಮತ್ತು ‘ಇನುಯಿಟ್’ ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದರೂ ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳಿಗೆ ಸೇರಿದವು; ಉಚ್ಚಾರಣೆಯ ಹೋಲಿಕೆಯನ್ನು ಸಾಕ್ಷ್ಯವೆಂದು ಭಾವಿಸುವವರು ಎಡವುವುದು ಇಲ್ಲಿಯೇ.)

ಮೂಲಾರ್ಥ ನಿರಪಾಯಕರವೆಂದು ತಿಳಿದ ಮಾತ್ರಕ್ಕೆ ಹೆಸರನ್ನು ನಿರಾತಂಕವಾಗಿ ಬಳಸಬಹುದೆಂದು ತೀರ್ಮಾನಿಸಬಾರದು. ಹಿಮದ ಪಾದರಕ್ಷೆಯ ವ್ಯುತ್ಪತ್ತಿ ಸರಿಯಾಗಿದ್ದರೂ, ಆ ಹೆಸರಿನಿಂದ ಕೀಳಾಗಿ ಕರೆಸಿಕೊಂಡ ಜನರ ಅನುಭವವನ್ನು ಅದು ಅಳಿಸಲಾರದು. 1977ರಲ್ಲಿ ಅಲಾಸ್ಕ, ಕೆನಡಾ ಮತ್ತು ಗ್ರೀನ್‌ಲ್ಯಾಂಡ್‌ಗಳ ಪ್ರತಿನಿಧಿಗಳು ಅಲಾಸ್ಕದ ಬ್ಯಾರೋದಲ್ಲಿ ಸೇರಿ ಕಟ್ಟಿದ ಸಂಘಟನೆ ‘ಇನುಯಿಟ್’ ಎಂಬ ಹೆಸರನ್ನೇ ಧರಿಸಿತು. 1982ರ ಕೆನಡಾ ಸಂವಿಧಾನ ಕಾಯ್ದೆಯಲ್ಲಿಯೂ ಇದೇ ಹೆಸರಿದೆ. ಹೆಸರಿನ ಬಳಕೆಯನ್ನು ನಿರ್ಧರಿಸುವಾಗ ನಿಘಂಟಿಗಿಂತ ಇಂತಹ ದಾಖಲೆಗಳಿಗೆ ಹೆಚ್ಚು ತೂಕ ಕೊಡುವುದು ನ್ಯಾಯ.

ಆದರೆ ಹಳೆಯ ಹೆಸರಿದ್ದಲ್ಲೆಲ್ಲ ಹೊಸದನ್ನು ಯಾಂತ್ರಿಕವಾಗಿ ಕೂರಿಸಬೇಡಿ. ನೈಋತ್ಯ ಅಲಾಸ್ಕದ ಯೂಪಿಕ್ ಜನರನ್ನೂ ಹಿಂದೆ ‘ಎಸ್ಕಿಮೊ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಮನುಷ್ಯನಿಗೆ ‘ಯುಕ್’ ಎನ್ನುತ್ತಾರೆ, ‘ಇನುಕ್’ ಎಂಬ ಪದ ಅಲ್ಲಿಲ್ಲ. ಅಂತಹ ಕಡೆ ‘ಯೂಪಿಕ್’ ಎಂದೇ ಬರೆಯಬೇಕು; ಹಳೆಯ ದಾಖಲೆಯನ್ನು ಉದ್ಧರಿಸುವಾಗ ಮಾತ್ರ ಅದರಲ್ಲಿರುವ ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಉಳಿಸಿಕೊಳ್ಳಬಹುದು.